ಪರೀಕ್ಷೆ ಯಾರಿಗೆ?

ನಮ್ಮ ಕೇರಿಯ ಕೊನೆಯಲ್ಲಿ ನಾಲ್ಕು ಮನೆ ಕ್ರೈಸ್ತರದು. ನಮ್ಮ ತಾತನ ಕಾಲಕ್ಕೇ ಏಸುವಿನ ಹಾದಿ ಹಿಡಿದವರು. ದೇವರು ಬದಲಾದ, ಕೇರಿ ಬದಲಾಗಲಿಲ್ಲ. ಆ ನಾಲ್ಕರಲ್ಲಿ ಒಂದು ದೊಡ್ಡವ್ವನ ಮನೆ. ನಮಗೆ ರಕ್ತಸಂಬಂಧಿಯಲ್ಲ, ಆದರೂ ದೊಡ್ಡವ್ವನೇ.

ಆಕೆಯ ಒಬ್ಬನೇ ಮಗ ಕಲ್ಲುಕ್ವಾರಿಯಲ್ಲಿ ಬಂಡೆ ಉರುಳಿ ಸತ್ತ. ಮಣ್ಣು ಮಾಡಿದ ಮಾರನೇ ದಿನ ಸಭೆಯ ಅಯ್ನೋರು ಬಂದರು. ಚಾಪೆ ಮೇಲೆ ಕೂತರು, ಅತ್ತರು. "ದೇವರು ಪರೀಕ್ಷೆ ಮಾಡ್ತಾವ್ನೆ ಕಣವ್ವಾ, ನಂಬಿಕೆ ಬಿಡಬ್ಯಾಡ" ಅಂದರು. ಅದೇ ಸಂಜೆ ಕ್ವಾರಿಯ ಧಣಿ ಬಂದ. ಮೋಟಾರು ಬೈಕಿನಿಂದ ಇಳಿಯದೆಯೇ ನಾಲ್ಕು ನೋಟು ಚಾಚಿ, "ಏನ್ಮಾಡಾದು, ದೇವರ ಪರೀಕ್ಷೆ. ನಿಮ್ಮ ಬೈಬಲ್ಲಲ್ಲೇ ಐತಲ್ಲ" ಅಂದ.

ರಾತ್ರಿ ದೊಡ್ಡವ್ವ ನಮ್ಮನ್ನು ಕೇಳಿದಳು: "ಮಗಾ, ಅಯ್ನೋರು ಅಂದಾಗ ಅಳು ಬಂತು, ಎದೆ ಹಗುರಾಯ್ತು. ಆ ಧಣಿ ಅಂದಾಗ ಹೊಟ್ಟೆ ಉರೀತು. ಮಾತು ಒಂದೇ ಅಲ್ವಾ? ಯಾಕಂಗೆ?"

ನಮ್ಮ ಮನೆತನದಲ್ಲಿ ಬಿ.ಎ. ಪಾಸಾದವರು ನಾವೇ ಮೊದಲು. ಆ ಜಂಬದಲ್ಲಿ, "ದೇವರೂ ಇಲ್ಲ, ಪರೀಕ್ಷೆನೂ ಇಲ್ಲ, ಎಲ್ಲಾ ಸುಳ್ಳು ದೊಡ್ಡವ್ವಾ" ಅಂದುಬಿಟ್ಟೆವು. ಆಕೆ ನಮ್ಮ ಮುಖ ನೋಡಿದಳು. ಏನೂ ಅನ್ನದೆ ಎದ್ದು ಒಳಗೆ ಹೋದಳು. ಬೆಳಿಗ್ಗೆ ನಾವು ಬಸ್ಸು ಹತ್ತಿ ಪಟ್ಟಣಕ್ಕೆ ಬಂದೆವು. ಆಕೆ ಆ ಖಾಲಿ ಮನೆಯಲ್ಲಿ ಉಳಿದಳು. ಆಕೆ ಕೇಳಿದ್ದು ದೇವರಿದ್ದಾನೆಯೇ ಅಂತ ಅಲ್ಲ. ಒಂದೇ ಮಾತು ಒಂದು ಬಾಯಲ್ಲಿ ಔಷಧಿಯಾಗಿ, ಇನ್ನೊಂದು ಬಾಯಲ್ಲಿ ವಿಷವಾಗುವುದು ಹೇಗೆ ಅಂತ. ಅದಕ್ಕೆ ನಮ್ಮ ಬಳಿ ಉತ್ತರ ಇರಲಿಲ್ಲ. ಅದಕ್ಕೇ ಆಕೆಯ ಬೈಬಲನ್ನು ನಾವೂ ಓದಿದೆವು.

ಕ್ರೈಸ್ತ ನಂಬಿಕೆಯಲ್ಲಿ ಪರೀಕ್ಷೆಯ ಮಾತು ಹಳೆಯದು. ಪೇತ್ರನ ಮೊದಲನೆಯ ಪತ್ರ ನಂಬಿಕೆಯನ್ನು ಬೆಂಕಿಗೆ ಹಾಕಿ ಶೋಧಿಸುವ ಚಿನ್ನದ ಜೊತೆ ಇಟ್ಟು ನೋಡುತ್ತದೆ. ಆದರೆ ಆ ಪತ್ರ ಯಾರಿಗೆ ಬರೆದದ್ದು? ಇಂದಿನ ತುರ್ಕಿಯ ಸೀಮೆಯಲ್ಲಿ ಚದುರಿಹೋಗಿ, ನಿಂದೆ ಉಣ್ಣುತ್ತಿದ್ದ ಸಣ್ಣ ಸಣ್ಣ ಸಭೆಗಳಿಗೆ. ನೊಂದವರು ನೊಂದವರಿಗೆ ಹೇಳಿಕೊಂಡ ಮಾತು ಅದು. ಬೆಂಕಿ ಹಚ್ಚಿದವನು ಸುಟ್ಟವನಿಗೆ ಹೇಳಿದ ಮಾತಲ್ಲ.

ಇನ್ನು ಯೋಬನ ಕಥೆ. ಊಚ್ ದೇಶದ ದೊಡ್ಡ ಕುಳ ಯೋಬ. 7000 ಕುರಿ, 3000 ಒಂಟೆ, 500 ಜೋಡಿ ಎತ್ತು, 500 ಹೆಣ್ಣು ಕತ್ತೆ. ಏಳು ಗಂಡು, ಮೂರು ಹೆಣ್ಣು ಮಕ್ಕಳು. ಇವನ ಭಕ್ತಿ ಬರೀ ಲಾಭದ ಭಕ್ತಿ, ಎಲ್ಲ ಕಿತ್ತುಕೊಂಡು ನೋಡು ಅಂತ ಸೈತಾನ ದೇವರ ಮುಂದೆ ಸವಾಲು ಹಾಕುತ್ತಾನೆ. ಎಲ್ಲ ಹೋಗುತ್ತದೆ. ಯೋಬ ಬೂದಿಯಲ್ಲಿ ಕೂತು ಮಡಕೆಯ ಚೂರಿನಿಂದ ಮೈ ಕೆರೆದುಕೊಳ್ಳುತ್ತಾನೆ. ಮೂವರು ಗೆಳೆಯರು ಬಂದು ಏಳು ದಿನ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಆ ಏಳು ದಿನ ಅವರು ನಿಜವಾದ ಗೆಳೆಯರು. ಬಾಯಿ ಬಿಟ್ಟ ಮೇಲೆ ಕೆಟ್ಟರು. ನೀನು ಪಾಪ ಮಾಡಿರಬೇಕು, ಇಲ್ಲದಿದ್ದರೆ ಈ ಕಷ್ಟ ಯಾಕೆ ಬರುತ್ತಿತ್ತು? ಇದೇ ಅವರ ವಾದ.

ಗೆಳೆಯರೇ, ಈ ವಾದ ನಮಗೆ ಹೊಸದೇ? ಹಿಂದಿನ ಜನ್ಮದ ಕರ್ಮ ಅಂತ ನಮ್ಮ ತಾತ ಮುತ್ತಾತಂದಿರಿಗೆ ಹೇಳಿದ ಲೆಕ್ಕವೂ ಇದೇ ಅಲ್ಲವೇ? ಯೋಬನ ಗೆಳೆಯರು ಜನ್ಮಾಂತರದ ಮಾತಾಡಲಿಲ್ಲ, ಅಷ್ಟೇ ವ್ಯತ್ಯಾಸ. ಯೋಬ ಆ ಲೆಕ್ಕಕ್ಕೆ ರುಜು ಹಾಕಲಿಲ್ಲ. ಎಲ್ಲರೂ ಅವನನ್ನು ಸಹನೆಯ ಮೂರ್ತಿ ಅಂತ ಹೊಗಳುತ್ತಾರೆ. ಅವರು ಮೊದಲ ಎರಡು ಅಧ್ಯಾಯಕ್ಕೇ ಪುಸ್ತಕ ಮುಚ್ಚಿದವರಿರಬೇಕು. ಮೂರನೇ ಅಧ್ಯಾಯದಲ್ಲಿ ಆತ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ದೇವರನ್ನೇ ನ್ಯಾಯಕ್ಕೆ ಕರೆಯುತ್ತಾನೆ. ಕೊನೆಗೆ, 42ನೇ ಅಧ್ಯಾಯದಲ್ಲಿ, ದೇವರು ತಪ್ಪಿತಸ್ಥರೆಂದು ಹೇಳುವುದು ಆ ಭಕ್ತ ಗೆಳೆಯರನ್ನು. ಸರಿಯಾಗಿ ಮಾತಾಡಿದವನು ಜಗಳವಾಡಿದ ಯೋಬ! ದೇವರಿಗೆ ವಕೀಲಿಕೆ ಮಾಡಿದವರನ್ನು ದೇವರೇ ಒಪ್ಪಲಿಲ್ಲ. ಅಂದಮೇಲೆ ಬಂಡಾಯ ನಂಬಿಕೆಯ ಹೊರಗಿನ ಮಾತಲ್ಲ, ಅದರ ಕರುಳಿನೊಳಗೇ ಇದೆ.

ಇನ್ನೊಂದು ಗಮನಿಸಿ. ತನ್ನನ್ನು ಪರೀಕ್ಷಿಸಿದರೆ ಚಿನ್ನದಂತೆ ಹೊರಬರುತ್ತೇನೆ ಅಂತ 23ನೇ ಅಧ್ಯಾಯದಲ್ಲಿ ಯೋಬ ತಾನೇ ಹೇಳಿಕೊಳ್ಳುತ್ತಾನೆ. ತನ್ನ ಕಷ್ಟಕ್ಕೆ ಪರೀಕ್ಷೆ ಅಂತ ಹೆಸರಿಡುವ ಹಕ್ಕು ನೊಂದವನದು. ಆ ಹೆಸರನ್ನು ಪಕ್ಕದಲ್ಲಿ ಕೂತು ಅತ್ತವನು ಮೆಲ್ಲಗೆ ನೆನಪಿಸಬಹುದು. ಬೈಕಿನ ಮೇಲೆ ಕೂತವನಿಗೆ ಆ ಹಕ್ಕಿಲ್ಲ. ದೊಡ್ಡವ್ವನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ಸಿಕ್ಕಿತು.

ಆದರೆ ಈ ಕಥೆಯಲ್ಲಿ ನಮ್ಮ ಗಂಟಲಿಗೆ ಮುಳ್ಳಾಗಿ ಚುಚ್ಚಿದ್ದು ಬೇರೆ. ಎತ್ತು ಹೋದಾಗ ಉಳುತ್ತಿದ್ದ ಆಳುಗಳು ಕತ್ತಿಗೆ ಸತ್ತರು. ಕುರಿ ಹೋದಾಗ ಕುರಿ ಕಾಯುವವರು ಸುಟ್ಟುಹೋದರು. ಒಂಟೆ ಹೋದಾಗ ಒಂಟೆಯ ಆಳುಗಳು ಸತ್ತರು. ಪರೀಕ್ಷೆ ಯಜಮಾನನಿಗೆ, ಜೀವ ಹೋದದ್ದು ಜೀತದವರದು. ಕೊನೆಯಲ್ಲಿ ಕುರಿ 14,000 ಆಯಿತು, ಒಂಟೆ 6000 ಆಯಿತು, ಹತ್ತು ಮಕ್ಕಳೂ ಮತ್ತೆ ಹುಟ್ಟಿದರು. ಸತ್ತ ಆಳುಗಳ ಹೆಂಡಿರು ಮಕ್ಕಳ ಸುದ್ದಿ ಒಂದು ಸಾಲೂ ಇಲ್ಲ. ನಾವು ಆ ಆಳುಗಳ ಕಡೆಯವರು. ಈ ಕಥೆಯನ್ನು ಓದುವಾಗ ನಮಗೆ ಯೋಬ ಆಗಲು ಬರುವುದಿಲ್ಲ.

ಹಾಗಂತ ಪುಸ್ತಕ ಎಸೆಯೋಣ ಅಂದುಕೊಂಡಾಗ 24ನೇ ಅಧ್ಯಾಯ ನಮ್ಮ ಕೈ ಹಿಡಿಯಿತು. ಬೂದಿಯಲ್ಲಿ ಕೂತ ಯೋಬನಿಗೆ ಅಲ್ಲಿ ಮೊದಲ ಸಲ ಬೇರೆಯವರು ಕಣ್ಣು ತುಂಬ ಕಾಣುತ್ತಾರೆ: ಹಸಿದುಕೊಂಡೇ ಪೈರಿನ ಹೊರೆ ಹೊರುವವರು, ಬಾಯಾರಿಕೊಂಡೇ ದ್ರಾಕ್ಷಿ ತುಳಿಯುವವರು, ಬಟ್ಟೆಯಿಲ್ಲದೆ ಚಳಿಯಲ್ಲಿ ಮಲಗುವವರು. ಇವರ ಕೂಗನ್ನು ದೇವರು ಯಾಕೆ ಲೆಕ್ಕಕ್ಕೆ ಹಿಡಿಯುತ್ತಿಲ್ಲ ಅಂತ ಆತ ಕೇಳುತ್ತಾನೆ. 31ರಲ್ಲಿ, ತನ್ನನ್ನು ಗರ್ಭದಲ್ಲಿ ರೂಪಿಸಿದವನೇ ತನ್ನ ದಾಸನನ್ನೂ ರೂಪಿಸಿದವನು ಅನ್ನುತ್ತಾನೆ. ಕಷ್ಟ ಅವನನ್ನು ತಾಳ್ಮೆಗಾರನನ್ನಾಗಿ ಮಾಡಲಿಲ್ಲ, ಕಣ್ಣುಳ್ಳವನನ್ನಾಗಿ ಮಾಡಿತು. ಯೋಬ ಪಾಸಾದದ್ದು ಇದರಲ್ಲಿ ಅಂತ ನಾವು ಹೇಳುತ್ತೇವೆ.

ಯಾಕೋಬನ ಪತ್ರವೂ ಹಾಗೇ. ಕಷ್ಟದಿಂದ ತಾಳ್ಮೆ ಹುಟ್ಟುತ್ತದೆ ಅನ್ನುವ ಮೊದಲನೇ ಅಧ್ಯಾಯ ಎಲ್ಲರಿಗೂ ಬಾಯಿಪಾಠ. ಎರಡನೇ ಅಧ್ಯಾಯದಲ್ಲಿ ಅದೇ ಯಾಕೋಬ, ಸಭೆಯಲ್ಲಿ ಚಿನ್ನದುಂಗುರದವನಿಗೆ ಒಳ್ಳೆಯ ಜಾಗ ಕೊಟ್ಟು ಬಡವನನ್ನು ಕಾಲ ಬಳಿ ಕೂರಿಸುವವರನ್ನು ಉಗಿಯುತ್ತಾನೆ. ಐದನೆಯದರಲ್ಲಿ, ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗುತ್ತಿದೆ ಅನ್ನುತ್ತಾನೆ. ಮೊದಲನೆಯದನ್ನು ಕತ್ತರಿಸಿಕೊಂಡು ಐದನೆಯದನ್ನು ಮಡಚಿಟ್ಟವರು ಯಾರು?

ಈ ನಾಡಿನಲ್ಲೇ ನೋಡಿ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಕ್ರೈಸ್ತರಾದವರು ಮನೆ ಮಠ, ಕುಲಕಸುಬು ಕಳೆದುಕೊಂಡರು. ಆಗ ಮಿಷನ್ ಬರೀ ಪರೀಕ್ಷೆಯ ಪ್ರಸಂಗ ಮಾಡಿ ಸುಮ್ಮನಾಗಲಿಲ್ಲ. ಮಗ್ಗ ಹಾಕಿಸಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಅನ್ನವೂ ನಂಬಿಕೆಯ ಒಂದು ಭಾಗ ಅಂತ ಅವರಿಗೆ ಗೊತ್ತಿತ್ತು.

ಸರ್ಕಾರವೂ ಒಂದು ಪರೀಕ್ಷೆ ಇಟ್ಟಿತು. 1950ರ ರಾಷ್ಟ್ರಪತಿಗಳ ಆದೇಶದ ಮೂರನೇ ಪ್ಯಾರಾ ಹಿಂದೂಗಳಲ್ಲದವರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಬಂದರು. ಕ್ರೈಸ್ತ ದಲಿತರು ಹೊರಗೇ ಉಳಿದರು. ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಅನ್ನುವವರಿಗೆ ಸರ್ಕಾರದ ಪೆಟ್ಟಿಗೆ ಅಂಗಡಿ ಸಿಗಲಿಲ್ಲ, ಕ್ರೈಸ್ತ ಅನ್ನುವ ಕಾರಣಕ್ಕೆ. ಮತ ಬದಲಾದ ಮೇಲೂ ಜಾತಿಯ ನೋವು ಅಷ್ಟೇ ಉಗ್ರವಾಗಿದೆ ಅಂತ ತೋರಿಸಬೇಕು ಅಂದ ಸುಪ್ರೀಂ ಕೋರ್ಟು 1985ರಲ್ಲಿ ಅವರ ಅರ್ಜಿ ವಜಾ ಮಾಡಿತು. ಧರ್ಮಕ್ಕೂ ಪರಿಶಿಷ್ಟ ಸ್ಥಾನಕ್ಕೂ ಗಂಟು ಹಾಕಬಾರದು ಅಂತ 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಹೇಳಿತು. ಇದನ್ನೇ ನೋಡಲು 2022ರಲ್ಲಿ ಇನ್ನೊಂದು ಆಯೋಗ ನೇಮಕವಾಯಿತು. ಚರ್ಚಿನೊಳಗೂ ಅಸ್ಪೃಶ್ಯತೆ ಇದೆ ಅಂತ ಭಾರತದ ಕ್ಯಾಥೊಲಿಕ್ ಬಿಷಪ್ಪರ ಮಂಡಳಿ 2016ರಲ್ಲಿ ತಾನೇ ಒಪ್ಪಿಕೊಂಡಿತು. ಸರ್ಕಾರದ ಬಾಗಿಲಲ್ಲಿ ನೀನು ಕ್ರೈಸ್ತ, ಚರ್ಚಿನ ಬಾಗಿಲಲ್ಲಿ ನೀನು ಹೊಲೆಯ. ಇದು ದೇವರ ಪರೀಕ್ಷೆಯೇ? ಅಲ್ಲ, ಮನುಷ್ಯರ ಕೆಲಸ. ಮನುಷ್ಯರು ಮಾಡಿದ್ದಕ್ಕೆ ದೇವರ ಮೊಹರು ಒತ್ತುವುದೇ ನಿಜವಾದ ದೇವದೂಷಣೆ.

ಹಾಗಾದರೆ ಪರೀಕ್ಷೆ ಬರೆಯುವವರು ಯಾರು? ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಕೊನೆಯ ತೀರ್ಪಿನ ದಿನ ಬರುತ್ತದೆ. ಹಸಿದಿದ್ದಾಗ ಉಣ್ಣಲು ಕೊಟ್ಟೆಯಾ, ಬಟ್ಟೆಯಿಲ್ಲದಾಗ ಉಡಿಸಿದೆಯಾ, ಸೆರೆಯಲ್ಲಿದ್ದಾಗ ನೋಡಲು ಬಂದೆಯಾ, ಇವೇ ಅಲ್ಲಿನ ಪ್ರಶ್ನೆಗಳು. ಹಸಿದವನನ್ನು ಅಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ. ಹಸಿದವನೇ ಪ್ರಶ್ನೆಪತ್ರಿಕೆ! ಬರೆಯಬೇಕಾದವರು ಅವನ ಮುಂದೆ ಹಾದುಹೋದವರು. ದೊಡ್ಡವ್ವನ ಮಗ ಸತ್ತಾಗ ಪರೀಕ್ಷೆ ಇದ್ದದ್ದು ಧಣಿಗೆ, ಊರಿಗೆ, ಸರ್ಕಾರಕ್ಕೆ. ಮತ್ತು ನಮಗೆ. ಆ ರಾತ್ರಿ ಒಂದು ಘೋಷಣೆ ಒಗೆದು ಬಸ್ಸು ಹತ್ತಿದ ನಾವು ಮೊದಲನೇ ಸಲ ಫೇಲಾದೆವು. ಯೋಬನ ಗೆಳೆಯರ ಹಾಗೆ ನಾವೂ ಸಿದ್ಧಾಂತ ಹೇಳಿದೆವು, ಏಳು ದಿನ ನೆಲದ ಮೇಲೆ ಕೂರಲಿಲ್ಲ.

ಮುಂದಿನ ತಿಂಗಳು ಮತ್ತೆ ಊರಿಗೆ ಹೋದೆವು. ಪರಿಹಾರದ ಅರ್ಜಿ ಬರೆದೆವು. ದೊಡ್ಡವ್ವ ಹೆಬ್ಬೆಟ್ಟು ಒತ್ತಿದಳು. ಕಛೇರಿಗೆ ಅಯ್ನೋರೂ ಬಂದರು, ಕಂಕುಳಲ್ಲಿ ಬೈಬಲ್ ಇತ್ತು. ಸಾಹೇಬರು ಕೂರಲು ಹೇಳಲಿಲ್ಲ. ಮೂವರೂ ಸಂಜೆವರೆಗೆ ನಿಂತೇ ಇದ್ದೆವು. ವಾಪಸ್ಸು ಬರುವಾಗ ಬಸ್ಸಿನಲ್ಲಿ ದೊಡ್ಡವ್ವ ಕೇಳಿದಳು: "ಈ ಸಲ ಪಾಸಾಯ್ತೀವಾ ಮಗಾ?"

"ನೀನು ಬರೆಯೋದು ಏನೂ ಇಲ್ಲ ದೊಡ್ಡವ್ವಾ. ಬರೀಬೇಕಾದೋರು ಅವರು" ಅಂದೆವು.

"ಅಂಗಾದ್ರೆ ನಾಳಿಕ್ಕೂ ಹೋಗಿ ನಿಂತ್ಕೊಳ್ಳುವ" ಅಂದಳು. ನಂಬಿಕೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ಈಗ ನಾವು ಆ ಮಾತನ್ನೇ ಹೇಳುತ್ತೇವೆ.