ಬಾಬಾಸಾಹೇಬರು ಆಡದ ಮಾತು



ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಮೈತ್ರಿ ಭಾವನೆಯ ಬಗ್ಗೆ ಬರೆಯಬೇಕೆಂದು ಟಿಪ್ಪಣಿ ಮಾಡಿಕೊಂಡಿದ್ದೆ. ಅದನ್ನು ಪಕ್ಕಕ್ಕಿಟ್ಟು, ಕಳೆದ ಮೂರು ವಾರಗಳಲ್ಲಿ ನನ್ನ ಮನೆಯಲ್ಲಿ, ಶಾಲೆಯಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ. ಅದು ಶುರುವಾದದ್ದು ಇದೇ ಗುಂಪಿನಲ್ಲಿ.

ಮೂರು ವಾರದ ಹಿಂದೆ ಭಾನುವಾರ ಬೆಳಿಗ್ಗೆ ನನ್ನ ಮೊಬೈಲಿಗೆ ಒಂದು ಚಿತ್ರ ಬಂತು. ನೀಲಿ ಹಿನ್ನೆಲೆ, ಬಾಬಾಸಾಹೇಬರ ಫೋಟೊ, ಅದರ ಕೆಳಗೆ ಹೆಣ್ಣುಮಕ್ಕಳ ಓದಿನ ಬಗ್ಗೆ ಮೂರು ಸಾಲು, ಕೊನೆಗೆ ಅವರ ಹೆಸರು. ಮೇಲೆ ಎರಡು ಬಾಣದ ಗುರುತಿತ್ತು. ಅಂದರೆ ಅದು ಆಗಲೇ ಹಲವು ಕೈ ದಾಟಿ ಬಂದಿತ್ತು. ಅಂಥ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಲು ವಾಟ್ಸ್‌ಆ್ಯಪ್ ಬಿಡುತ್ತದೆ. ಸುಳ್ಳು ಸುದ್ದಿ ಬೇಗ ಹರಡದಿರಲಿ ಎಂದು 2020ರಲ್ಲಿ ತಂದ ತಡೆ ಅದು. ನಾನು ಆ ತಡೆಗೆ ನಿಲ್ಲಲಿಲ್ಲ. ಚಹಾ ಕುದಿಯುವಷ್ಟರಲ್ಲಿ ಮೂರು ಸಲ ಒತ್ತಿದೆ: ಈ ಗುಂಪಿಗೆ ಒಮ್ಮೆ, ಬಂಧುಬಳಗದ ಗುಂಪಿಗೆ ಒಮ್ಮೆ, ನನ್ನ ತರಗತಿಯ ಪಾಲಕರ ಗುಂಪಿಗೆ ಒಮ್ಮೆ.

ಅಂದು ರಾತ್ರಿ, ಕಾಲೇಜು ರಜೆಗೆ ಬಂದಿದ್ದ ಮಗಳು ಕೇಳಿದಳು: "ಮಮ್ಮಿ, ಇದು ಯಾವ ಸಂಪುಟದಾಗ ಅದ?"

ಕಪಾಟಿನಲ್ಲಿದ್ದ ಬಾಬಾಸಾಹೇಬರ ಬರಹಗಳ ಕನ್ನಡ ಸಂಪುಟಗಳನ್ನು ತೆಗೆದು ನೋಡಿದೆ. ಸಿಗಲಿಲ್ಲ. ಅವಳು ಇಂಗ್ಲಿಷ್ ಸಂಪುಟಗಳ ಪಿಡಿಎಫ್‌ಗಳಲ್ಲಿ ಹುಡುಕಿದಳು. ಅಲ್ಲಿಯೂ ಇಲ್ಲ. ಅವೇ ಮೂರು ಸಾಲು ಇನ್ನಿಬ್ಬರು ಮಹನೀಯರ ಫೋಟೊಗಳ ಕೆಳಗೂ ಓಡಾಡುತ್ತಿರುವುದನ್ನು ಮಾತ್ರ ತೋರಿಸಿದಳು. ನನಗೆ ಆಗಲೇ ತಿಳಿಯಿತು. ಆದರೂ "ನಾಳೆ ನೋಡೋಣ ಬಿಡು" ಎಂದೆ. ನಾನು ಎಂ.ಎ. ಕನ್ನಡ ಓದಿದವಳು. ಮಕ್ಕಳ ಪ್ರಬಂಧದಲ್ಲಿ "ಎಲ್ಲಿಂದ ತೆಗೆದುಕೊಂಡೆ?" ಎಂದು ಕೆಂಪು ಶಾಯಿಯಲ್ಲಿ ಬರೆಯುವವಳು. ನನ್ನ ತಪ್ಪನ್ನು ನಾನೇ ನೂರಾರು ಜನರ ಮುಂದೆ ಹೇಳಿಕೊಳ್ಳಲು ನಾಚಿಕೆಯಾಯಿತು.

ಮುಂದಿನ ಭಾನುವಾರ ಮನೆಮಂದಿಯೆಲ್ಲ ಕ್ರೂಸರ್ ಮಾಡಿಕೊಂಡು ಸನ್ನತಿಗೆ ಹೋದೆವು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದೆವು. ಎಂಬತ್ತರ ಹತ್ತಿರ ಬಂದ ನಮ್ಮ ಅತ್ತೆಯೂ ಬಂದಿದ್ದರು. ಭೀಮಾ ನದಿಯ ದಂಡೆಯ ಆ ನೆಲ ನಮ್ಮದೇ ಕಲಬುರಗಿ ಜಿಲ್ಲೆಯಲ್ಲಿದ್ದರೂ ಮಕ್ಕಳು ನೋಡಿರಲಿಲ್ಲ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಸಿಕ್ಕ ಶಿಲ್ಪವೊಂದರಲ್ಲಿ ರಾಜ, ರಾಣಿ, ಪರಿಚಾರಿಕೆಯರು ಇದ್ದಾರೆ. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ರಾಜನ ಹೆಸರನ್ನೂ ಕೊರೆದಿದ್ದಾರೆ. ಆ ಹೆಸರು ಇರುವುದರಿಂದಲೇ ಅದು ಅಶೋಕನ ಶಿಲ್ಪ ಎಂದು ಇಂದು ಜಗತ್ತು ಒಪ್ಪಿದೆ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಒಬ್ಬ ಶಿಲ್ಪಿ ಚಿತ್ರಕ್ಕೆ ಸರಿಯಾದ ಹೆಸರು ಬರೆದಿದ್ದರಿಂದ ನಮಗೆ ಒಂದು ಸತ್ಯ ಉಳಿಯಿತು.

ನಾನು ಟೀಚರ್ ಅಲ್ಲವೇ, ಅಲ್ಲಿಯೂ ಪಾಠ ಶುರು ಮಾಡಿದೆ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಛಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಅದರಲ್ಲಿ ಅವನ 12 ಮತ್ತು 14ನೇ ಶಿಲಾಶಾಸನಗಳ ಪಾಠವಿದೆ. 12ನೆಯದು ಮಾತಿನ ಸಂಯಮದ ಬಗ್ಗೆ: ತನ್ನ ಪಂಥವನ್ನು ಹೊಗಳುವಾಗಲೂ ಇನ್ನೊಬ್ಬರದನ್ನು ತೆಗಳುವಾಗಲೂ ನಾಲಿಗೆ ಹಿಡಿತದಲ್ಲಿರಬೇಕು ಎನ್ನುತ್ತಾನೆ ಅಶೋಕ. 14ನೆಯದು ಇನ್ನೂ ವಿಶೇಷ. ತನ್ನ ಶಾಸನಗಳ ಪ್ರತಿಗಳಲ್ಲಿ ಕೆಲವು ಕಡೆ ಕೊರತೆ, ತಪ್ಪು ಇರಬಹುದು, ಬರೆದವನ ದೋಷದಿಂದಲೂ ಹಾಗಾಗಿರಬಹುದು ಎಂದು ಚಕ್ರವರ್ತಿಯೇ ಕಲ್ಲಿನಲ್ಲಿ ಬರೆಸಿದ್ದಾನೆ. "ನೋಡ್ರಿ, ಅಷ್ಟು ದೊಡ್ಡ ರಾಜ ತನ್ನ ಪ್ರತಿಯೊಳಗ ತಪ್ಪು ಇರಬಹುದು ಅಂತ ಒಪ್ಪಿಕೊಂಡಾನ" ಎಂದು ಮಕ್ಕಳಿಗೆ ಹೇಳಿದೆ.

ಮಗಳು ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ. ಮನೆಗೆ ಬಂದಾಗ ರಾತ್ರಿಯಾಗಿತ್ತು. ದಣಿದಿದ್ದೆ. ಅಂದೂ ನಾನು ತಿದ್ದಲಿಲ್ಲ.

ಬುಧವಾರ ತಾಲ್ಲೂಕು ಮಟ್ಟದ ಭಾಷಣ ಸ್ಪರ್ಧೆ ಇತ್ತು. ನಮ್ಮ ಶಾಲೆಯಿಂದ ಎಂಟನೇ ತರಗತಿಯ ಒಬ್ಬ ಹುಡುಗಿ ಹೋಗಿದ್ದಳು. ಅವ್ವ ಹೊಲದ ಕೂಲಿಗೆ ಹೋಗುತ್ತಾಳೆ. ಮಗುವಿಗೆ ಒಳ್ಳೆಯ ಕಂಠ, ಧೈರ್ಯ. ವಿಷಯ ಹೆಣ್ಣುಮಕ್ಕಳ ಶಿಕ್ಷಣ. ಪಾಲಕರ ಗುಂಪಿಗೆ ನಾನು ಕಳಿಸಿದ ಆ ಮೂರು ಸಾಲನ್ನೇ ಬಾಯಿಪಾಠ ಮಾಡಿ, ಭಾಷಣದ ಕೊನೆಗೆ ಇಟ್ಟುಕೊಂಡಿದ್ದಳು. ತೀರ್ಪುಗಾರರಲ್ಲಿ ಒಬ್ಬರು ಮೃದುವಾಗಿಯೇ ಕೇಳಿದರು: "ಇದನ್ನು ಬಾಬಾಸಾಹೇಬರು ಎಲ್ಲಿ ಹೇಳಿದ್ದಾರೆ, ಮಗಳೇ? ನಾನು ಎಲ್ಲಿಯೂ ಓದಿಲ್ಲ." ಸಭೆಯಲ್ಲಿ ಯಾರೋ ನಕ್ಕರು. ಹುಡುಗಿ, "ನಮ್ಮ ಟೀಚರ್ ಕಳಿಸಿದ್ದರಿ" ಎಂದಳು. ಅವಳ ಭಾಷಣದಲ್ಲಿ ಸಾವಿತ್ರಿಬಾಯಿ ಫುಲೆ ಅವರ ಬಗ್ಗೆ, 1848ರಲ್ಲಿ ಪುಣೆಯಲ್ಲಿ ತೆರೆದ ಹೆಣ್ಣುಮಕ್ಕಳ ಶಾಲೆಯ ಬಗ್ಗೆ ನಿಜವಾದ, ಚೆನ್ನಾದ ಮಾತುಗಳಿದ್ದವು. ಆ ನಗುವಿನಲ್ಲಿ ಅವೂ ಹೋದವು.

ಬಸ್ಸಿನಲ್ಲಿ ನನ್ನ ಪಕ್ಕ ಕೂತು ಕೇಳಿದಳು: "ಟೀಚರ್, ಅದು ಸುಳ್ಳೇನ್ರಿ?"

ಅಂದು ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ನಮ್ಮ ಮನೆಯವರು ಸಮಾಧಾನ ಮಾಡಲು, "ಮಾತು ಒಳ್ಳೆಯದೇ ಇತ್ತಲ್ಲ, ಯಾರು ಹೇಳಿದರೇನು? ಟಿವಿಯವರು ದಿನಾ ಎಷ್ಟು ಸುಳ್ಳು ಹೇಳ್ತಾರ, ಅದರ ಮುಂದ ಇದೇನು?" ಎಂದರು. ಮೂಲೆಯಲ್ಲಿ ಕೂತಿದ್ದ ಅತ್ತೆ ಆಗ ಬಾಯಿಬಿಟ್ಟರು. ಅವರಿಗೆ ಅಕ್ಷರ ಬರುವುದಿಲ್ಲ.

"ನಮ್ಮಪ್ಪನ ಹೆಬ್ಬೆಟ್ಟು ಒತ್ತಿಸ್ಕೊಂಡು, ಅವ ಹೇಳಲಾರದ ಮಾತು ಮ್ಯಾಲ ಬರಕೊಂಡಿದ್ರು. ಎರಡು ಎಕರೆ ಹೊಲ ಹೋತು. ನೀವೀಗ ಬಾಬಾಸಾಹೇಬರ ಹೆಬ್ಬೆಟ್ಟು ಒತ್ತಿಸ್ಕೊಳ್ಳಿಕತ್ತೀರಿ."

ಬಂಧುಗಳೇ, ಅಂದಿನಿಂದ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದೇನೆ. ನಾನು ನಾಲ್ಕನೆಯ ಶೀಲವನ್ನು ಮುರಿದೆನೇ? ಸುಳ್ಳು ಹೇಳುವುದಿಲ್ಲ ಎಂಬುದು ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿಯೂ ಇದೆ.

ಧಮ್ಮದಲ್ಲಿ ಚೇತನವೇ, ಅಂದರೆ ಉದ್ದೇಶವೇ ಕರ್ಮ. ಮೋಸ ಮಾಡುವ ಉದ್ದೇಶವಿಲ್ಲದೆ, ನಿಜವೆಂದೇ ನಂಬಿ ಹೇಳಿದ್ದನ್ನು ಮುಸಾವಾದ ಎನ್ನಲಾಗದು. ಹಾಗೆ ನೋಡಿದರೆ ಭಾನುವಾರ ಬೆಳಿಗ್ಗೆ ನಾನು ಮಾಡಿದ್ದು ಸುಳ್ಳಲ್ಲ, ಪ್ರಮಾದ. ಎಚ್ಚರ ತಪ್ಪಿದ್ದು. ಆದರೆ ಅಂದು ರಾತ್ರಿ ಮಗಳು ಕೇಳಿದ ಮೇಲೆ? ಗೊತ್ತಾದ ಮೇಲೂ ಆ ಚಿತ್ರ ನನ್ನ ಹೆಸರಿನಲ್ಲಿ ಮೂರು ಗುಂಪುಗಳಲ್ಲಿ ಕೂತಿತ್ತು, ದಿನವೂ ಜನರಿಗೆ ಅದನ್ನೇ ಹೇಳುತ್ತಿತ್ತು. ಆ ಹತ್ತು ದಿನ ನಾನು ಬಾಯಿ ಬಿಡಲಿಲ್ಲ. ಆ ಮೌನಕ್ಕೆ ಉದ್ದೇಶವಿತ್ತು, ನನ್ನ ಮರ್ಯಾದೆ ಉಳಿಸಿಕೊಳ್ಳುವುದು. ತಿಳಿಯದೆ ಕಳಿಸಿದ್ದು ತಪ್ಪು, ತಿಳಿದ ಮೇಲೆ ಸುಮ್ಮನಿದ್ದದ್ದು ಸುಳ್ಳು. ನಾನು ಉಳಿಸಿಕೊಂಡ ಮರ್ಯಾದೆಗೆ ಬೆಲೆ ಕೊಟ್ಟವಳು ಆ ಹುಡುಗಿ.

ಮಾತು ಒಳ್ಳೆಯದಾದರೆ ಯಾರು ಹೇಳಿದರೇನು ಎಂಬ ಪ್ರಶ್ನೆಯನ್ನೂ ಬಿಡುವಂತಿಲ್ಲ. ಒಳ್ಳೆಯ ಮಾತಾದರೆ ನಮ್ಮ ಹೆಸರಿನಲ್ಲೇ ಹೇಳಬಹುದಿತ್ತು. ಬಾಬಾಸಾಹೇಬರ ಹೆಸರು ಹಾಕುವುದು ಏಕೆ? ಯಾರೂ ಪ್ರಶ್ನಿಸಬಾರದು ಎಂದು. ಪ್ರಶ್ನಿಸಬಾರದ ಮಾತಿನ ಅಧಿಕಾರದ ವಿರುದ್ಧವೇ ಅವರು ಜೀವನವಿಡೀ ಹೋರಾಡಿದರು. ಹೋರಾಡಿದ್ದೂ ದಾಖಲೆ ಇಟ್ಟುಕೊಂಡು. ಕಾಲಾಮರಿಗೆ ಬುದ್ಧರು ಹೇಳಿದ್ದೂ ಇದನ್ನೇ: ಕೇಳಿಬಂತೆಂದು, ಗುರು ಹೇಳಿದನೆಂದು ಒಪ್ಪಬೇಡಿ, ಪರೀಕ್ಷಿಸಿ.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು, ಬುದ್ಧರು ಹೇಳದ್ದನ್ನು ಬುದ್ಧರು ಹೇಳಿದರೆಂದು ಜನ ಹಬ್ಬಿಸಿದ ಐದು ಪ್ರಸಂಗಗಳನ್ನು ಸುತ್ತಗಳಿಂದ ಹೆಸರಿಸಿದ್ದಾರೆ. ಅರಿಟ್ಠ ಎಂಬ ಭಿಕ್ಷು ಬೋಧನೆಯನ್ನು ತಿರುಚಿ ಹೇಳಿದಾಗ ಬುದ್ಧರು ಅವನನ್ನು ಕರೆಸಿ, ಎಲ್ಲರೆದುರು ಸರಿಪಡಿಸಿದ ಪ್ರಸಂಗವೂ ಅದರಲ್ಲಿದೆ. ಬಾಯಿಂದ ಬಾಯಿಗೆ ಸಾಗುವಾಗ ಮಾತು ಕೆಡುತ್ತದೆ ಎಂದು ನಮ್ಮನ್ನು ಎಚ್ಚರಿಸಿದ ಆ ಮಹನೀಯರ ಹೆಸರಿನಲ್ಲೇ ನಾವು ಈಗ ಆಡದ ಮಾತುಗಳನ್ನು ಹಂಚುತ್ತಿದ್ದೇವೆ.

ಗುರುವಾರ ತರಗತಿಯಲ್ಲಿ ಎಲ್ಲ ಮಕ್ಕಳ ಮುಂದೆ ಹೇಳಿದೆ: "ತಪ್ಪು ಅವಳದಲ್ಲ, ನನ್ನದು. ಗೊತ್ತಾದ ಮೇಲೂ ನಾನು ಹೇಳಲಿಲ್ಲ." ತರಗತಿ ನಿಶ್ಶಬ್ದವಾಗಿತ್ತು. ಹುಡುಗಿ ತಲೆ ತಗ್ಗಿಸಿಯೇ ಕೂತಿದ್ದಳು. ಅವಳು ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಕೇಳಲಿಲ್ಲ, ಅದನ್ನು ಕೇಳುವುದು ಅವಳ ಮೇಲೆ ಇನ್ನೊಂದು ಭಾರ ಹಾಕಿದಂತೆ. ಈಗ ದಿನವೂ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಇಬ್ಬರೂ ಸಂಪುಟ ಓದುತ್ತೇವೆ. ಬೇಕಾದ ಮಾತನ್ನು ಅವಳೇ ಹುಡುಕಿ, ಪುಟದ ಸಂಖ್ಯೆ ಬರೆದುಕೊಳ್ಳುತ್ತಾಳೆ.

ಬಂಧುಬಳಗದ ಗುಂಪಿನಲ್ಲಿ ತಿದ್ದುಪಡಿ ಹಾಕಿದಾಗ ಹಿರಿಯರೊಬ್ಬರು, "ವಿರೋಧಿಗಳ ಕೈಗೆ ನಾವೇ ಕೋಲು ಕೊಟ್ಟಂತಾಯಿತು" ಎಂದು ಬೇಸರ ಮಾಡಿಕೊಂಡರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಆ ಕೋಲು ಸುಳ್ಳು ಕಳಿಸಿದ ದಿನವೇ ಕೈ ಸೇರಿತ್ತು. ಈ ಗುಂಪಿಗೆ ತಿದ್ದುಪಡಿ ಬಾಕಿ ಇತ್ತು. ಈ ಬರಹವೇ ಅದು. ಆ ನೀಲಿ ಚಿತ್ರವನ್ನು ನನ್ನಿಂದ ಪಡೆದು ಬೇರೆಡೆ ಕಳಿಸಿದವರು, ದಯವಿಟ್ಟು ಅದು ಹೋದ ದಾರಿಯಲ್ಲೇ ಇದನ್ನೂ ಕಳಿಸಿ.

ಬಾಲಕ ರಾಹುಲನಿಗೆ ಬುದ್ಧರು ಪಾತ್ರೆಯಲ್ಲಿ ಉಳಿದ ಸ್ವಲ್ಪ ನೀರನ್ನು ತೋರಿಸಿ ಸುಳ್ಳಿನ ಬಗ್ಗೆ ಕಲಿಸಿದರು. ಆ ಉಪದೇಶವನ್ನು ಭಿಕ್ಷುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕೆಂದು ಅಶೋಕ ರಾಜಸ್ಥಾನದ ಬೈರಾಟ್ ಶಾಸನದಲ್ಲಿ ಬರೆಸಿದ್ದಾನೆ. ಆಡುವ ಮೊದಲು ನೋಡು, ಆಡುವಾಗ ನೋಡು, ಆಡಿದ ಮೇಲೂ ನೋಡು, ತಪ್ಪೆಂದು ಕಂಡರೆ ಗುರುವಿಗೋ ತಿಳಿದ ಸಂಗಾತಿಗಳಿಗೋ ಹೇಳಿಕೊಂಡು ಮುಂದೆ ಎಚ್ಚರದಿಂದಿರು ಎಂಬುದು ಅದರ ಸಾರ. ಮೊದಲ ಎರಡರಲ್ಲಿ ನಾನು ಸೋತೆ. ಮೂರನೆಯದನ್ನು ಇಂದು, ತಡವಾಗಿ, ನಿಮ್ಮ ಮುಂದೆ ಮಾಡುತ್ತಿದ್ದೇನೆ.

ಇಂದು ನಿಮ್ಮ ಬೆರಳು ಆ ಬಾಣದ ಗುರುತಿನ ಮೇಲೆ ಹೋದಾಗ ನಮ್ಮ ಅತ್ತೆಯ ಅಪ್ಪನ ಹೆಬ್ಬೆಟ್ಟು ನೆನಪಾಗಲಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.