ಮಂತ್ರಾಲೋಚನೆಯ ಪೀಠದಿಂದ ಸೇನಾಧಿಕಾರಿಗಳ ಪಾಠಶಾಲೆಗೆ

ರಾಜ್ಯದ ನೀತಿಯನ್ನು ರೂಪಿಸುವ ಸ್ಥಾನದಲ್ಲಿದ್ದ ವಿದ್ವಾಂಸನೊಬ್ಬನು ಆ ಪದವಿಯನ್ನು ಬಿಟ್ಟು, ಹಿಂದೆ ತಾನು ಮಾಡುತ್ತಿದ್ದ ಸೇನಾಧಿಕಾರಿಗಳ ಬೋಧನೆಗೇ ಮರಳಿದರೆ ಅದನ್ನು ಧರ್ಮದೃಷ್ಟಿಯಿಂದ ಹೇಗೆ ನೋಡಬೇಕು? ಲೋಕದ ಲೆಕ್ಕದಲ್ಲಿ ಇದು ಇಳಿಕೆ. ಹತ್ತು ಜನ ಕೈಮುಗಿಯುವ ಕುರ್ಚಿಯನ್ನು ಬಿಟ್ಟು ಕಪ್ಪುಹಲಗೆಯ ಮುಂದೆ ನಿಲ್ಲುವುದನ್ನು ಯಾರೂ ಏಳಿಗೆಯೆಂದು ಕರೆಯುವುದಿಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಮ್ಮ ಮನೆಗಳಲ್ಲಿ ಇದಕ್ಕಿಂತ ಗಹನವಾದ ಇನ್ನೊಂದು ಶಂಕೆಯೂ ಏಳುತ್ತದೆ: ಯುದ್ಧಮಾಡುವವರಿಗೆ ವಿದ್ಯೆ ಹೇಳಿಕೊಡುವುದು ಪಾಪೋಪದೇಶವಾಗುವುದಿಲ್ಲವೇ?

ಎರಡನೆಯ ಶಂಕೆಯನ್ನೇ ಮೊದಲು ವಿಚಾರಿಸೋಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ ಪಾಪೋಪದೇಶವನ್ನೂ ಹಿಂಸಾದಾನವನ್ನೂ ಎಣಿಸಿದ್ದಾರೆ. ಕತ್ತಿಯನ್ನು ಕೊಡುವುದು ಹಿಂಸಾದಾನವಾದರೆ, ಕತ್ತಿಯನ್ನು ಬೀಸುವ ಬಗೆಯನ್ನು ಕಲಿಸುವುದು ಏನು? ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ಎಲ್ಲರಿಗೂ ತಿಳಿದಿರುವುದೇ. ಹಿಂಸೆಯು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆ. ಗೃಹಸ್ಥನು ಸಂಕಲ್ಪಪೂರ್ವಕ ಹಿಂಸೆಯನ್ನು ಬಿಡಲೇಬೇಕು. ಆಕ್ರಮಣವನ್ನು ಎದುರಿಸುವಾಗ ಒದಗುವ ವಿರೋಧಿ ಹಿಂಸೆ ಅವನ ಅಣುವ್ರತವನ್ನು ಮುರಿಯುವುದಿಲ್ಲ. ಉತ್ತರ ಸರಿಯಾದದ್ದೇ. ಆದರೆ ಅದನ್ನು ನಾವು ಬಹಳ ಸುಲಭವಾಗಿ ಬಳಸುತ್ತೇವೆ ಎಂದು ನನಗೆ ತೋರುತ್ತದೆ. ವಿರೋಧಿ ಹಿಂಸೆ ಕ್ಷಮ್ಯವೆಂದರೆ ಅಲ್ಲಿ ಕರ್ಮಬಂಧವೇ ಇಲ್ಲವೆಂದು ಅರ್ಥವಲ್ಲ. ಯಾವುದು ವಿರೋಧಿ, ಯಾವುದು ವಿರೋಧಿಯ ವೇಷ ತೊಟ್ಟ ಸಂಕಲ್ಪಿ ಎಂಬುದನ್ನು ರಣರಂಗದಲ್ಲಿ ನಿರ್ಣಯಿಸಬೇಕಾದವನು ಶಾಸ್ತ್ರಿಯಲ್ಲ, ಅಧಿಕಾರಿ. ಆ ವಿವೇಕ ಅವನಿಗೆ ಎಲ್ಲಿಂದ ಬರಬೇಕು?

ಸೇನಾಧಿಕಾರಿಗಳ ಉನ್ನತ ಶಿಕ್ಷಣವೆಂದರೆ ಬಂದೂಕು ಹೊಡೆಯುವುದನ್ನು ಕಲಿಸುವುದಲ್ಲ. ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿರುವ ಡಿಫೆನ್ಸ್ ಸರ್ವೀಸಸ್ ಸ್ಟಾಫ್ ಕಾಲೇಜಿಗೆ ಮೂರೂ ಸೇನೆಗಳಿಂದ ಬರುವವರು ಅನೇಕ ವರ್ಷ ಸೇವೆ ಸಲ್ಲಿಸಿದ ಅಧಿಕಾರಿಗಳು. 1960ರಲ್ಲಿ ದೆಹಲಿಯಲ್ಲಿ ಆರಂಭವಾದ ನ್ಯಾಷನಲ್ ಡಿಫೆನ್ಸ್ ಕಾಲೇಜಿನಲ್ಲಿ ಬ್ರಿಗೇಡಿಯರ್ ದರ್ಜೆಯವರೂ ನಾಗರಿಕ ಸೇವೆಯವರೂ ಒಟ್ಟಿಗೆ ಕುಳಿತು ಕಲಿಯುತ್ತಾರೆ. ಅಲ್ಲಿ ನಡೆಯುವುದು ಇತಿಹಾಸ, ರಾಜನೀತಿ, ಯೋಜನೆ, ಆಡಳಿತಗಳ ಅಧ್ಯಯನ. ಇದರಿಂದ ಬೋಧಕನ ಕೈ ತೊಳೆದಂತಾಯಿತೆಂದು ನಾನು ಹೇಳುವುದಿಲ್ಲ. ಯೋಜನೆ ಚೆನ್ನಾದಷ್ಟೂ ಯುದ್ಧವೂ ಹರಿತವಾಗುತ್ತದೆ. ಧರ್ಮದ ಒಂದು ಪಾಠ ಸೇರಿದ ಮಾತ್ರಕ್ಕೆ ಉಳಿದ ಪಾಠಗಳೆಲ್ಲ ಶುದ್ಧವಾಗುವುದೂ ಇಲ್ಲ. ಆದರೆ ಆ ಒಂದು ಪಾಠ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಲೋಕ ಕಂಡಿದೆ.

1949ರ ಜಿನೀವಾ ಒಪ್ಪಂದಗಳು ತಮ್ಮ ನಿಯಮಗಳನ್ನು ಸೈನಿಕ ಶಿಕ್ಷಣದಲ್ಲಿ ಸೇರಿಸಬೇಕೆಂದು ಸಹಿಹಾಕಿದ ರಾಷ್ಟ್ರಗಳಿಗೆ ವಿಧಿಸಿವೆ. ನಮ್ಮ ದೇಶವೂ 1960ರಲ್ಲಿ ಇವುಗಳಿಗಾಗಿ ಕಾಯಿದೆ ಮಾಡಿತು. ಹೀಗಿದ್ದೂ 1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್ ಗ್ರಾಮದಲ್ಲಿ ಅಮೆರಿಕದ ಸೈನಿಕರು ನಿರಾಯುಧರಾದ ವೃದ್ಧರನ್ನೂ ಸ್ತ್ರೀಯರನ್ನೂ ಶಿಶುಗಳನ್ನೂ ನೂರಾರು ಸಂಖ್ಯೆಯಲ್ಲಿ ಕೊಂದರು. ಜನರಲ್ ಪಿಯರ್ಸ್ ಅವರ ವಿಚಾರಣೆಯು ಎತ್ತಿ ತೋರಿಸಿದ ದೋಷಗಳಲ್ಲಿ ಯುದ್ಧನಿಯಮಗಳ ಶಿಕ್ಷಣ ಸಾಲದೆ ಹೋದದ್ದೂ ಒಂದು. ಅದೇ ದಿನ ಅದೇ ಸ್ಥಳದಲ್ಲಿ ಹ್ಯೂ ಥಾಂಪ್ಸನ್ ಎಂಬ ಹೆಲಿಕಾಪ್ಟರ್ ಚಾಲಕರು ತಮ್ಮ ವಾಹನವನ್ನು ಸೈನಿಕರಿಗೂ ಗ್ರಾಮಸ್ಥರಿಗೂ ನಡುವೆ ಇಳಿಸಿ, ಅಡಗಿದ್ದ ಕೆಲವರ ಪ್ರಾಣವನ್ನು ಉಳಿಸಿದರು. ಮೂವತ್ತು ವರ್ಷಗಳ ಮೇಲೆ, 1998ರಲ್ಲಿ, ಅವರಿಗೆ ಪದಕ ಸಂದಿತು. ಸೇನಾ ಅಕಾಡೆಮಿಗಳು ಅವರನ್ನು ಉಪನ್ಯಾಸಕ್ಕೆ ಕರೆದವು. ಇಲ್ಲಿ ಒಂದು ತೊಡಕಿದೆ. ಥಾಂಪ್ಸನ್ನರ ದಯೆ ಯಾವ ತರಗತಿಯಲ್ಲಿ ಹುಟ್ಟಿತೆಂದು ಯಾರೂ ಹೇಳಲಾರರು. ಕೊಲ್ಲಿಸಿದ ಲೆಫ್ಟಿನೆಂಟನೂ ಅಧಿಕಾರಿಗಳ ಶಾಲೆಯಿಂದಲೇ ಹೊರಬಂದವನು. ಬೋಧನೆ ದಯೆಯನ್ನು ಹುಟ್ಟಿಸಲಾರದಿರಬಹುದು. ಆದರೆ ಹುಟ್ಟಿದ ದಯೆಗೆ, ಆಜ್ಞೆಗಿಂತ ಮೇಲೊಂದು ನಿಯಮವಿದೆಯೆಂಬ ಆಸರೆಯನ್ನು ಅದು ಕೊಡಬಲ್ಲದು.

ಇನ್ನು ಪದವಿಯನ್ನು ಬಿಡುವ ಮಾತು. ಇದಕ್ಕೆ ಜಾರ್ಜ್ ಕೆನನ್ ಅವರ ಬಾಳು ಒಳ್ಳೆಯ ನಿದರ್ಶನ, ಅವರ ದಾರಿ ನಮ್ಮ ಪ್ರಶ್ನೆಗೆ ತಿರುಗುಮುರುಗಾಗಿದ್ದರೂ. 1946ರಲ್ಲಿ ವಾಷಿಂಗ್ಟನ್ನಿನಲ್ಲಿ ತೆರೆದ ನ್ಯಾಷನಲ್ ವಾರ್ ಕಾಲೇಜಿನಲ್ಲಿ ಅವರು ಸೇನೆಯ ಹಾಗೂ ರಾಜತಾಂತ್ರಿಕ ಸೇವೆಯ ಅಧಿಕಾರಿಗಳಿಗೆ ಪಾಠ ಹೇಳಿದರು. 1947ರಲ್ಲಿ ವಿದೇಶಾಂಗ ಇಲಾಖೆಯ ನೀತಿಯೋಜನಾ ವಿಭಾಗದ ಮುಖ್ಯಸ್ಥರಾದರು. ಅದೇ ವರ್ಷ ಹೆಸರನ್ನು ಮರೆಮಾಡಿ ಪ್ರಕಟಿಸಿದ ಲೇಖನವೊಂದರಲ್ಲಿ ಸೋವಿಯತ್ ವಿಸ್ತರಣೆಯನ್ನು ತಡೆಹಿಡಿಯಬೇಕೆಂದು ವಾದಿಸಿದರು. ತಾವು ಉದ್ದೇಶಿಸಿದ್ದು ಮುಖ್ಯವಾಗಿ ರಾಜಕೀಯ ತಡೆಯೆಂದೂ ಶಸ್ತ್ರಗಳ ಪೈಪೋಟಿಯಲ್ಲವೆಂದೂ ವಿವರಿಸುವುದರಲ್ಲೇ ಅವರ ಮುಂದಿನ ದಶಕಗಳು ಕಳೆದವು. ಹೈಡ್ರೋಜನ್ ಬಾಂಬನ್ನು ವಿರೋಧಿಸಿ 1950ರ ಜನವರಿಯಲ್ಲಿ ಅವರು ಬರೆದ ದೀರ್ಘ ಟಿಪ್ಪಣಿ ಫಲಿಸಲಿಲ್ಲ; ಆ ತಿಂಗಳ ಕೊನೆಯ ದಿನ ಟ್ರೂಮನ್ ಅದರ ನಿರ್ಮಾಣದ ಕಡೆಗೇ ನಿರ್ಣಯಿಸಿದರು. ಆ ವರ್ಷವೇ ಕೆನನ್ ಪ್ರಿನ್ಸ್‌ಟನ್ನಿಗೆ ಹೋಗಿ ಅಧ್ಯಯನದಲ್ಲಿ ತೊಡಗಿದರು.

ಕೃತ, ಕಾರಿತ, ಅನುಮೋದನ ಎಂಬ ನಮ್ಮ ವಿಂಗಡಣೆ ಇಲ್ಲಿ ಎಷ್ಟು ನಿಖರವಾಗಿ ಅನ್ವಯಿಸುತ್ತದೆ ನೋಡಿ. ಕಡತದ ಮೇಲೆ ಹತ್ತು ರುಜುಗಳು ಬೀಳುತ್ತವೆ. ಪ್ರತಿಯೊಬ್ಬನೂ ತಾನು ಮಾಡಲಿಲ್ಲ, ಮಾಡಿಸಲೂ ಇಲ್ಲ, ಬರಿದೇ ಅನುಮೋದಿಸಿದೆನೆಂದುಕೊಳ್ಳುತ್ತಾನೆ. ಜಿನಾಗಮವಾದರೋ ಮೂರನ್ನೂ ಆಸ್ರವದ ದ್ವಾರಗಳೆಂದೇ ಎಣಿಸುತ್ತದೆ. ರುಜುಗಳ ಸಂಖ್ಯೆ ಹೆಚ್ಚಿದರೆ ಪಾಪ ಹಂಚಿಹೋಗುವುದೆಂದು ಎಲ್ಲಿಯೂ ಹೇಳಿಲ್ಲ.

ಹಾಗೆಂದು ಪದವಿಯನ್ನು ಬಿಡುವುದೇ ಪುಣ್ಯವೆನ್ನಲಾಗದು. ಕೆನನ್ನರ ಕುರ್ಚಿ ಖಾಲಿ ಉಳಿಯಲಿಲ್ಲ. ಶಸ್ತ್ರಬಲದಲ್ಲಿ ಹೆಚ್ಚು ನಂಬಿಕೆಯಿದ್ದ ಪಾಲ್ ನಿಟ್ಜೆ ಅಲ್ಲಿ ಕುಳಿತರು. ಒಳಗಿದ್ದು ಒಂದು ಅನರ್ಥವನ್ನಾದರೂ ತಡೆಯಬಲ್ಲವನು, ನನ್ನ ಕೈ ಶುಭ್ರವಾಗಿದ್ದರೆ ಸಾಕೆಂದು ಹೊರಟುಹೋದರೆ ಅದು ತ್ಯಾಗವಲ್ಲ, ತನ್ನ ಮೇಲಿನ ಮೋಹ. ‘ನೂರಾರು ಶಿಷ್ಯರ ಮೂಲಕ ಹೆಚ್ಚಿನ ಪ್ರಭಾವ ಬೀರುತ್ತೇನೆ’ ಎಂಬ ಸಮಾಧಾನವೂ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಪ್ರಭಾವದ ಆಸೆಯೇ ಅಲ್ಲವೇ ಅವನನ್ನು ಮೊದಲು ಆ ಪೀಠಕ್ಕೆ ಒಯ್ದದ್ದು?

ಮರಳುವುದಕ್ಕೆ ಬಲವಾದ ಕಾರಣ ಬೇರೊಂದಿದೆ. ಆಜ್ಞೆಯನ್ನು ಪಡೆಯುವ ಅಧಿಕಾರಿಗೆ ಆ ಆಜ್ಞೆ ಹುಟ್ಟಿದ ಕೋಣೆ ಕಾಣುವುದಿಲ್ಲ. ಅಲ್ಲಿ ಎಷ್ಟು ಸಂದೇಹವಿತ್ತು, ಯಾರ ಮಾತು ಕಡತದಿಂದ ಬಿಟ್ಟುಹೋಯಿತು, ಸಾಯಲಿರುವ ಜನರಿಗೆ ಯಾವ ಮೃದುವಾದ ಹೆಸರನ್ನಿಟ್ಟರು ಎಂಬುದನ್ನು ಅವನು ಅರಿಯನು; ಅವನ ಕೈಗೆ ಬರುವ ಹೊತ್ತಿಗೆ ಆಜ್ಞೆ ನಿಸ್ಸಂದಿಗ್ಧವಾಗಿರುತ್ತದೆ. ಆ ಕೋಣೆಯಲ್ಲಿ ಕುಳಿತು ಬಂದವನು ಮಾತ್ರ, ರಾಜ್ಯದ ಗುಟ್ಟುಗಳನ್ನು ಬಿಟ್ಟುಕೊಡದೆಯೇ, ಇದನ್ನು ತರಗತಿಯಲ್ಲಿ ತಿಳಿಯಹೇಳಬಲ್ಲನು. ತರಗತಿಯಲ್ಲಿ ಎದುರುಪ್ರಶ್ನೆಯೂ ಉಂಟು. ಸಹೋದ್ಯೋಗಿಯ ಶವವನ್ನು ಹೊತ್ತು ಬಂದ ಮೇಜರ್ ಒಬ್ಬನು ಎದ್ದುನಿಂತು ಕೇಳಿದಾಗ ಕಡತದ ಭಾಷೆ ಉಪಯೋಗಕ್ಕೆ ಬಾರದು.

ಪ್ರಸಂಗವಶಾತ್ ಒಂದು ಮಾತು. ನಮ್ಮ ಬಸದಿಗಳ ಟ್ರಸ್ಟುಗಳು ಪದವಿಯಲ್ಲಿರುವವರನ್ನು ವೇದಿಕೆಗೆ ಕರೆದು ಹಾರ ಹಾಕುತ್ತವೆ. ಪದವಿ ಹೋದ ಮರುವರ್ಷ ಆಮಂತ್ರಣಪತ್ರಿಕೆಯೂ ನಿಂತುಹೋಗುತ್ತದೆ. ಮಕ್ಕಳು ಇದನ್ನು ನೋಡುತ್ತಿರುತ್ತಾರೆ.

ಸೇನಾನಿಗೆ ಪಾಠ ಹೇಳುವುದು ನಮ್ಮ ಪರಂಪರೆಗೆ ಹೊಸದೇನೂ ಅಲ್ಲ. ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು ಅಜಿತಸೇನಾಚಾರ್ಯರಿಗೂ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳಿಗೂ ಶಿಷ್ಯನಾಗಿದ್ದನು. ‘ಸಮರಪರಶುರಾಮ’ನೆಂಬ ಬಿರುದನ್ನು ಹೊತ್ತಿದ್ದ ಆ ಯೋಧನಿಗಾಗಿಯೇ ನೇಮಿಚಂದ್ರರು ಗೊಮ್ಮಟಸಾರವನ್ನು ರಚಿಸಿದರೆಂದು ಪರಂಪರೆ ಹೇಳುತ್ತದೆ. ಅದರಲ್ಲಿ ಯುದ್ಧತಂತ್ರವಿಲ್ಲ, ಯುದ್ಧನಿಂದೆಯೂ ಇಲ್ಲ; ಜೀವವೆಂದರೇನು, ಅದು ಎಷ್ಟು ವಿಧ, ಕರ್ಮ ಹೇಗೆ ಬಂಧಿಸುತ್ತದೆ, ಹದಿನಾಲ್ಕು ಗುಣಸ್ಥಾನಗಳಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂಬ ವಿವರಣೆಯಿದೆ. ದೇಶವಿರತನಾದ ಗೃಹಸ್ಥನ ಮೆಟ್ಟಿಲು ಅಲ್ಲಿ ಐದನೆಯದು. ಆಚಾರ್ಯರು ಶಿಷ್ಯನಿಗೆ ಕತ್ತಿಯನ್ನು ಬಿಸುಡೆಂದು ವಿಧಿಸಿದ ವೃತ್ತಾಂತವನ್ನು ನಾನು ಓದಿಲ್ಲ. ಅವನ ಒಡೆಯ ಮಾರಸಿಂಹನಾದರೋ ರಾಜ್ಯವನ್ನು ತೊರೆದು ಸುಮಾರು 974ರಲ್ಲಿ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಗೊಂಡನು. ಚಾವುಂಡರಾಯನು ಅಧಿಕಾರದಲ್ಲಿದ್ದುಕೊಂಡೇ 978ರಲ್ಲಿ ಪುರಾಣವನ್ನು ಬರೆದನು. ಕೆಲವೇ ವರ್ಷಗಳಲ್ಲಿ ವಿಂಧ್ಯಗಿರಿಯ ಮೇಲೆ, ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟುಕೊಟ್ಟ ಬಾಹುಬಲಿಯ ವಿಗ್ರಹವನ್ನು ಕಡೆಯಿಸಿದನು. ಒಬ್ಬ ಗುರುವಿನ ಬಳಿ ಕಲಿತ ಇಬ್ಬರು ಹೀಗೆ ಎರಡು ದಾರಿ ಹಿಡಿದರು. ಗುರುಗಳು ಇಬ್ಬರಿಗೂ ಗುರುಗಳಾಗಿಯೇ ಉಳಿದರು.