ಮನೋರೋಗ ಮತ್ತು ಕಾಯಕದ ಹಕ್ಕು

ಕಾಲು ಮುರಿದುಕೊಂಡು ಆರು ತಿಂಗಳು ಹಾಸಿಗೆ ಹಿಡಿದವನು ಮತ್ತೆ ಕಚೇರಿಗೆ ಬಂದಾಗ ಸಹೋದ್ಯೋಗಿಗಳು ಎದ್ದು ಬಂದು ಕ್ಷೇಮ ವಿಚಾರಿಸುತ್ತಾರೆ. ಅಷ್ಟೇ ಕಾಲ ಮನೋರೋಗಕ್ಕೆ ಚಿಕಿತ್ಸೆ ಪಡೆದು ಬಂದವನನ್ನು ಕಂಡಾಗ ಮಾತುಗಳು ತಗ್ಗುತ್ತವೆ. "ಇನ್ನೂ ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಳ್ಳಿ" ಎಂಬ ಉಪದೇಶ ಬರುತ್ತದೆ. ಸಹೃದಯ ವಾಚಕರೇ, ಈ ಉಪದೇಶದಲ್ಲಿ ಕರುಣೆ ಎಷ್ಟು, ಭಯ ಎಷ್ಟು ಎಂಬುದನ್ನು ನಾವು ನಮ್ಮ ಅಂತಃಕರಣವನ್ನೇ ಕೇಳಿಕೊಳ್ಳಬೇಕಾಗಿದೆ.

ರೋಗ ಪೂರ್ಣವಾಗಿ ಗುಣವಾಗಲಿ, ಉದ್ಯೋಗ ಆಮೇಲೆ ಎಂಬುದು ಲೋಕರೂಢಿ. ಪುನರ್ವಸತಿಯ ಕ್ಷೇತ್ರದಲ್ಲಿಯೂ ಬಹುಕಾಲ ಇದೇ ಭಾವನೆಯಿತ್ತು. ರೋಗಿಗಳಿಗೆ ಪ್ರತ್ಯೇಕ ಕಾರ್ಯಾಗಾರಗಳಲ್ಲಿ ದೀರ್ಘಕಾಲ ತರಬೇತಿ ಕೊಡುತ್ತಿದ್ದರು. ಹೊರಗಿನ ಉದ್ಯೋಗ ಮಾತ್ರ ಬಹುಮಂದಿಗೆ ದೊರೆಯುತ್ತಿರಲಿಲ್ಲ. 1990ರ ದಶಕದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ಎಂಬ ಸಂಶೋಧಕರು ಈ ಕ್ರಮವನ್ನು ತಿರುವುಮುರುವಾಗಿಸಿದರು. ದುಡಿಯುವ ಇಚ್ಛೆಯುಳ್ಳ ಯಾರನ್ನೂ ಹೊರಗಿಡದೆ, ಅವರವರ ಅಭಿರುಚಿಗೆ ಒಪ್ಪುವ ನಿಜವಾದ ಉದ್ಯೋಗವನ್ನು ಮೊದಲೇ ಹುಡುಕಿಕೊಟ್ಟು, ಚಿಕಿತ್ಸೆಯನ್ನೂ ಬೆಂಬಲವನ್ನೂ ಜೊತೆಜೊತೆಗೆ ಮುಂದುವರಿಸುವುದು ಅವರ ಪದ್ಧತಿ. ಹಲವು ದೇಶಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದಾಗ, ಉದ್ಯೋಗ ಪಡೆದವರ ಸಂಖ್ಯೆ ಹಳೆಯ ಕ್ರಮಕ್ಕಿಂತ ಸುಮಾರು ಇಮ್ಮಡಿಯಾಗಿತ್ತು. ದುಡಿಮೆಯಿಂದ ರೋಗ ಉಲ್ಬಣಿಸೀತೆಂಬ ಭಯಕ್ಕೆ ಆಧಾರ ದೊರೆಯಲಿಲ್ಲ.

ನಮ್ಮ ದೇಶದ 1995ರ ಅಂಗವಿಕಲರ ಕಾಯಿದೆಯು ಮನೋರೋಗವನ್ನು ವೈಕಲ್ಯವೆಂದು ಹೆಸರಿಸಿತಾದರೂ, ಉದ್ಯೋಗದ ಮೀಸಲಾತಿಯನ್ನು ದೃಷ್ಟಿ, ಶ್ರವಣ ಮತ್ತು ಚಲನೆಯ ವೈಕಲ್ಯಗಳಿಗೆ ಮಾತ್ರ ಕೊಟ್ಟಿತು. 2016ರ ಕಾಯಿದೆಯು ಸರ್ಕಾರಿ ಹುದ್ದೆಗಳಲ್ಲಿನ ಶೇ. 4ರ ಮೀಸಲಾತಿಯೊಳಗೆ ಮನೋರೋಗವುಳ್ಳವರನ್ನೂ ಸೇರಿಸಿತು. ಆದರೆ ಹಕ್ಕು ಪಡೆಯಲು ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ತೋರಿಸಿದೊಡನೆ ರೋಗ ಬಯಲಾಗುತ್ತದೆ. ಕಳಂಕಕ್ಕೆ ಅಂಜಿದವನಿಗೆ ಕಾಯಿದೆ ಕೊಟ್ಟ ಹಕ್ಕೂ ಕೈಗೆಟುಕದು. ಆ ಅಂಜಿಕೆಯನ್ನು ಕಳೆಯುವುದು ಕಾಯಿದೆಯಿಂದ ಆಗುವ ಕೆಲಸವಲ್ಲ, ನಮ್ಮಿಂದ ಆಗಬೇಕಾದದ್ದು.

ಕಾಯಕವನ್ನು ಕೊಂಡಾಡುವ ನಮಗೆ ಇಲ್ಲೊಂದು ಎಚ್ಚರ ಬೇಕು. ದುಡಿಯದವನು ಹೀನನೆನ್ನುತ್ತ, ದುಡಿಯಲು ಬಂದವನಿಗೆ ಬಾಗಿಲು ಮುಚ್ಚಿದರೆ, ನಮ್ಮ ತತ್ತ್ವವೇ ಅವನಿಗೆ ಎರಡನೆಯ ಕಳಂಕವಾಗುತ್ತದೆ. ರೋಗದ ತೀವ್ರತೆಯಿಂದ ದುಡಿಯಲಾರದವರೂ ಇದ್ದಾರೆ. ಅವರ ಗೌರವವು ಸಂಪಾದನೆಯನ್ನು ಅವಲಂಬಿಸಿದ್ದಲ್ಲ. ದಾಸೋಹದ ಪಂಕ್ತಿಯಲ್ಲಿ ಯಾರ ಗಳಿಕೆಯನ್ನೂ ಕೇಳಿ ಎಲೆ ಹಾಕುವುದಿಲ್ಲ.

"ಕೆಲಸ ಕೆಟ್ಟರೆ ಗತಿಯೇನು?" ಎಂದು ಅಂಗಡಿಯ ಯಜಮಾನರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ಎಲ್ಲ ಕೆಲಸಗಾರರ ವಿಷಯದಲ್ಲಿಯೂ ಕೇಳಬೇಕು. ಉತ್ತರವನ್ನು ಅವರ ಕೆಲಸದಲ್ಲಿ ನೋಡಬೇಕೇ ಹೊರತು ರೋಗದ ಹೆಸರಿನಲ್ಲಲ್ಲ. ಔಷಧಿಯಿಂದ ಬೆಳಗಿನ ಹೊತ್ತು ಮಂಪರು ಕವಿಯುವವನಿಗೆ ಒಂದು ಗಂಟೆ ತಡವಾಗಿ ಬರುವ ಅವಕಾಶ, ವೈದ್ಯರನ್ನು ಕಾಣಲು ಅರ್ಧ ದಿನದ ರಜೆ, ತಪ್ಪಾದಾಗ ಏಕಾಂತದಲ್ಲಿ ಒಂದು ತಿದ್ದುಮಾತು - ಅನೇಕರಿಗೆ ಬೇಕಾದದ್ದು ಇಷ್ಟೇ.

ಪೂರ್ಣ ಆರೋಗ್ಯದ ಪುರಾವೆಯನ್ನು ತೋರಿಸಿ ನಮ್ಮಲ್ಲಿ ಯಾರೂ ಕೆಲಸಕ್ಕೆ ಸೇರಿದವರಲ್ಲ. ಅವರೊಬ್ಬರಿಂದಲೇ ಅದನ್ನು ಕೇಳುವುದು ಧರ್ಮವಲ್ಲ. ನಿಮ್ಮ ಕಚೇರಿಗೆ, ಅಂಗಡಿಗೆ, ಹೊಲಕ್ಕೆ ಅಂಥವರೊಬ್ಬರು ಮರಳಿ ಬಂದಾಗ, "ಪೂರ್ತಿ ಗುಣವಾಯಿತೇ?" ಎಂದು ಕೇಳುವ ಮೊದಲು, "ಬನ್ನಿ, ನಿಮ್ಮ ಕೆಲಸ ನಿಮಗಾಗಿ ಕಾದಿದೆ" ಎನ್ನಿರಿ.